ಎರಡು ಮಹಾಯುದ್ಧಗಳ ನಡುವಿನ ಪೋಲೆಂಡ್: ಬೆಲರೂಸಿಯನ್ನರಿಗೆ ಒಂದು ನೀತಿ, ಯಹೂದಿಗಳಿಗೆ ಇನ್ನೊಂದು

ದೇಶದ ಪ್ರಬಲ ನಾಯಕ ಪಿಲ್ಸುದ್‌ಸ್ಕಿ ಬದುಕಿರುವ ತನಕ ಪೋಲೆಂಡಿನ ಅಲ್ಪಸಂಖ್ಯಾತರು ನೆಮ್ಮದಿಯಾಗಿದ್ದರು, 1935ರಲ್ಲಿ ಆತ ತೀರಿಕೊಂಡ ಮೇಲೆ ಕಷ್ಟ ಶುರುವಾಯಿತು ಎನ್ನುವುದು ನಿಜವೇ ಎಂದು ಕೇಳಿದ್ದೀರಿ. ಯಹೂದಿಗಳ ಮಟ್ಟಿಗೆ ಬಹುಪಾಲು ಸರಿ. ಬೆಲರೂಸಿಯನ್ನರ ಮಟ್ಟಿಗೆ ತಪ್ಪು.

ರಾಷ್ಟ್ರವಾದಿ ನಾಯಕ ದ್ಮೋವ್‌ಸ್ಕಿಯ ಬಲಪಂಥೀಯರ ಪ್ರಕಾರ ಬೆಲರೂಸಿಯನ್ ರೈತರು ಸ್ಲಾವ್ ಜನ. ಶಾಲೆ, ಸೈನ್ಯ, ಕಚೇರಿಗಳ ಒಡನಾಟದಲ್ಲಿ ಕ್ರಮೇಣ ಪೋಲರೇ ಆಗಿಬಿಡುತ್ತಾರೆ. ಯಹೂದಿಗಳು ಎಂದಿಗೂ ಆಗುವುದಿಲ್ಲ. ಆದ್ದರಿಂದ ಒಬ್ಬರನ್ನು ಕರಗಿಸಿಕೊಳ್ಳಬೇಕು, ಇನ್ನೊಬ್ಬರನ್ನು ಹೊರದಬ್ಬಬೇಕು. ಈ ದ್ವೇಷಕ್ಕೆ ಬೇಗನೆ ಬಲಿಯೂ ಬಿತ್ತು: 1922ರ ಡಿಸೆಂಬರ್ 9ರಂದು ಅಲ್ಪಸಂಖ್ಯಾತ ಸದಸ್ಯರ ಮತಗಳೂ ಸೇರಿ ಅಧ್ಯಕ್ಷನಾಗಿ ಆಯ್ಕೆಯಾದ ನರುತೋವಿಚ್‌ನನ್ನು 16ರಂದು ಗುಂಡಿಕ್ಕಿ ಕೊಂದರು.

ಕರಗಿಸಿಕೊಳ್ಳುವ ಕೆಲಸ ಹೇಗೆ ನಡೆಯಿತು ಎಂಬುದು 1924ರ ಜುಲೈ 31ರ ಶಾಲಾ ಕಾಯ್ದೆಯಲ್ಲಿದೆ. ಓದಿದರೆ ಉದಾರವಾಗಿಯೇ ಕಾಣುತ್ತದೆ. ಸ್ಥಳೀಯ ಆಡಳಿತ ಘಟಕದಲ್ಲಿ ಬೆಲರೂಸಿಯನ್ನರು ಶೇ. 25ರಷ್ಟಿದ್ದು, 40 ಮಕ್ಕಳ ಪೋಷಕರು ಅರ್ಜಿ ಕೊಟ್ಟರೆ ಆ ಭಾಷೆಯಲ್ಲಿ ಪಾಠ. ಆದರೆ 20 ಮಕ್ಕಳ ಪೋಷಕರು ಪೋಲಿಷ್ ಕೇಳಿದರೆ ಶಾಲೆ ದ್ವಿಭಾಷಾ ಶಾಲೆಯಾಗುತ್ತದೆ. ಅರ್ಜಿಯ ಸಹಿಗಳನ್ನು ದೃಢೀಕರಿಸಬೇಕಿತ್ತು. ಓದು ಬಾರದ ರೈತ ತನ್ನ ಊರನ್ನಾಳುವ ಅಧಿಕಾರಿಗಳ ಕಣ್ಣೆದುರೇ ಇಂಥ ಅರ್ಜಿಗೆ ಹೆಬ್ಬೆಟ್ಟು ಒತ್ತುವುದೆಂದರೆ ಏನೆಂದು ನೀವೇ ಊಹಿಸಿ. 1919ರ ಸುಮಾರಿಗೆ ನೂರಾರು ಇದ್ದ ಬೆಲರೂಸಿಯನ್ ಶಾಲೆಗಳು ಎರಡನೇ ಮಹಾಯುದ್ಧದ ಹೊತ್ತಿಗೆ ಹೆಚ್ಚುಕಡಿಮೆ ಇಲ್ಲವಾದವು.

1925ರಲ್ಲಿ ಬೆಲರೂಸಿಯನ್ ನಾಯಕ ತರಶ್ಕೇವಿಚ್ ಮುಂದಾಳುತನದಲ್ಲಿ ಹುಟ್ಟಿದ ಹ್ರಮಾದಾ ಎಂಬ ರೈತ-ಕಾರ್ಮಿಕ ಸಂಘಟನೆಯ ಬೇಡಿಕೆ ಭೂಮಿ ಮತ್ತು ತಮ್ಮ ಭಾಷೆಯ ಶಾಲೆ. ಅದರ ಸದಸ್ಯರು ಲಕ್ಷ ದಾಟಿದರು. ಪಕ್ಕದಲ್ಲೇ ಸೋವಿಯತ್ ಬೆಲರೂಸ್ ಇದ್ದುದರಿಂದ, ಕಮ್ಯುನಿಸ್ಟರ ನಂಟೂ ಇದ್ದುದರಿಂದ ವಾರ್ಸಾದ ಸರ್ಕಾರ ಬೆದರಿತು. 1927ರ ಜನವರಿಯಲ್ಲಿ ನಾಯಕರನ್ನು ಬಂಧಿಸಿದರು. 1928ರಲ್ಲಿ ವಿಲ್ನೊದಲ್ಲಿ (ಇಂದಿನ ವಿಲ್ನಿಯಸ್) 56 ಜನರ ವಿಚಾರಣೆ ನಡೆದು ತರಶ್ಕೇವಿಚ್‌ಗೆ 12 ವರ್ಷ ಜೈಲಾಯಿತು. ಇದೆಲ್ಲ ಪಿಲ್ಸುದ್‌ಸ್ಕಿಯ ಕಾಲದಲ್ಲೇ.

ಅದೇ ಸರ್ಕಾರ 1931ರಲ್ಲಿ ಯಹೂದಿಗಳ ಮೇಲೆ ಉಳಿದಿದ್ದ ರಷ್ಯಾದ ತ್ಸಾರ್ ದೊರೆಗಳ ಕಾಲದ ನಿರ್ಬಂಧಗಳನ್ನು ಕಾನೂನು ಮಾಡಿ ತೆಗೆಯಿತು. ಅವರ ಪಾಲಿನ ಕೆಟ್ಟ ತಿರುವು ಬಂದದ್ದು 1935ರ ನಂತರ. 1936ರ ಮಾರ್ಚ್‌ನಲ್ಲಿ ಪ್ಶಿತಿಕ್ ಊರಿನ ದೊಂಬಿಯಲ್ಲಿ ಇಬ್ಬರು ಯಹೂದಿಗಳು, ಒಬ್ಬ ಪೋಲ್ ಸತ್ತರು. ಜೂನ್‌ನಲ್ಲಿ ಪ್ರಧಾನಿ ಸ್ಕ್ವಾದ್ಕೊವ್‌ಸ್ಕಿ ಸಂಸತ್ತಿನಲ್ಲೇ ಹೊಡೆದಾಟ ಬೇಡ, ಆರ್ಥಿಕ ಹೋರಾಟವಾದರೆ ಆಗಬಹುದು ಎಂದರು. ಯಹೂದಿಗಳ ಅಂಗಡಿ-ವ್ಯಾಪಾರದ ಬಹಿಷ್ಕಾರಕ್ಕೆ ಸರ್ಕಾರದ ಒಪ್ಪಿಗೆ ಸಿಕ್ಕಿತು. 1937ರಿಂದ ವಿಶ್ವವಿದ್ಯಾಲಯಗಳಲ್ಲಿ ಯಹೂದಿ ವಿದ್ಯಾರ್ಥಿಗಳ ದಾಖಲೆ ಪುಸ್ತಕದಲ್ಲಿ ಅವರು ಬೇರೆಯಾಗಿ ಕೂರಬೇಕಾದ ಜಾಗದ ಮುದ್ರೆ ಬಿತ್ತು. ಅಲ್ಲಿ ಕೂರಲೊಪ್ಪದೆ ಎಷ್ಟೋ ಮಂದಿ ನಿಂತೇ ಪಾಠ ಕೇಳಿದರು. ಸಮಾಜವಾದಿ ಪಕ್ಷ ಇದನ್ನು ವಿರೋಧಿಸಿತು ಎಂಬುದನ್ನೂ ಹೇಳಲೇಬೇಕು.

ಅಂಕಿ ಬಳಸುವುದಾದರೆ ಎಚ್ಚರ. 1931ರ ಜನಗಣತಿ ಜನಾಂಗವನ್ನು ಕೇಳಲಿಲ್ಲ. ಮಾತೃಭಾಷೆ, ಧರ್ಮ ಕೇಳಿತು. ಬೆಲರೂಸಿಯನ್ ನುಡಿಯವರು ಸುಮಾರು 9.9 ಲಕ್ಷ ಎಂದಿದೆ. ಪೊಲೇಸ್ಯೆ ಪ್ರಾಂತದ ಸುಮಾರು 7.07 ಲಕ್ಷ ಜನರ ಭಾಷೆಯನ್ನು ‘ಇಲ್ಲಿಯದು’ ಎಂದು ಬೇರೆಯೇ ಬರೆದುಕೊಂಡರು. ಯಹೂದಿಗಳು ಧರ್ಮದ ಪಟ್ಟಿಯಲ್ಲಿ ಸುಮಾರು 31 ಲಕ್ಷ, ಯಿಡ್ಡಿಷ್-ಹೀಬ್ರೂ ಪಟ್ಟಿಯಲ್ಲಿ 27 ಲಕ್ಷ. ಎರಡೂ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟೇ ಓದಿ. ಬೆಲರೂಸಿಯನ್ ಕ್ಯಾಥೊಲಿಕರಲ್ಲಿ ಬಹಳಷ್ಟು ಜನ ಪೋಲರ ಲೆಕ್ಕಕ್ಕೆ ಸೇರಿಹೋಗಿದ್ದಾರೆ.