ಜಪಾನ್ 50 ವರ್ಷ ಆಳಿದ್ರೂ ತೈವಾನ್‌ನವ್ರಿಗೆ ಕೊರಿಯಾದವ್ರಷ್ಟು ಸಿಟ್ಟು ಯಾಕಿಲ್ಲ?

ಮುಖ್ಯ ಕಾರಣ, ಜಪಾನ್ ಹೋದ್ಮೇಲೆ ಬಂದವ್ರು. 1945ರಲ್ಲಿ ಜಪಾನ್ ಸೋತಾಗ ತೈವಾನ್ ಜನ ಚೀನಾದಿಂದ ಬಂದ ಕುಮಿಂಟಾಂಗ್ (ಆಗ ಚೀನಾ ಆಳ್ತಿದ್ದ ಪಾರ್ಟಿ) ಸೈನ್ಯನ ಖುಷಿಯಿಂದ್ಲೇ ಬರಮಾಡ್ಕೊಂಡ್ರು, ಆದ್ರೆ ಲಂಚ, ಬೆಲೆ ಏರಿಕೆ, ಸ್ಥಳೀಯರಿಗೆ ಕೆಲಸ ಇಲ್ಲ ಅನ್ನೋದು ಶುರುವಾಗಿ 1947ರ ಫೆಬ್ರವರಿ 28ಕ್ಕೆ ಜನ ದಂಗೆ ಎದ್ರು, ಸರ್ಕಾರ ಸಾವಿರಾರು ಜನರನ್ನ ಕೊಂದು ಹಾಕ್ತು. ಆಮೇಲೆ 1949ರಿಂದ 1987ರವರೆಗೆ ಮಾರ್ಷಲ್ ಲಾ, ಅಂದ್ರೆ ಮಿಲಿಟರಿ ಕಾನೂನು. ಇದನ್ನ ನೋಡಿದ ಹಿರಿಯರಿಗೆ ಜಪಾನಿನವ್ರು ಕಟ್ಟಿದ ರೈಲು, ಸ್ಕೂಲು, ಕಾಲುವೆಗಳೇ ವಾಸಿ ಅನ್ನಿಸ್ತು, ಬಾಣಲೆಯಿಂದ ಬೆಂಕಿಗೆ ಬಿದ್ದಂಗೆ.

ಇನ್ನೊಂದು, ಕೊರಿಯಾ ತನ್ನದೇ ರಾಜಮನೆತನ ಇದ್ದ ದೇಶ, 1910ರಲ್ಲಿ ಜಪಾನಿನವ್ರು ಅದನ್ನೇ ನುಂಗಿದ್ರು. ತೈವಾನ್ ಹಂಗಲ್ಲ, 1895ರಲ್ಲಿ ಯುದ್ಧ ಸೋತ ಚೀನಾ ಬಿಟ್ಟುಕೊಟ್ಟ ಪ್ರಾಂತ್ಯ.

ಹಂಗಂತ ಜಪಾನ್ ಆಳ್ವಿಕೆ ಸಾಧುವೇನಲ್ಲ. ಕಬ್ಬು ಬೆಳೆಯೋರು ಸಕ್ಕರೆ ಕಂಪನಿ ಹೇಳಿದ ರೇಟಿಗೇ ಮಾರ್ಬೇಕಿತ್ತು, 1930ರಲ್ಲಿ ತೈವಾನ್‌ನ ಬೆಟ್ಟದೂರು ವುಶೆಯಲ್ಲಿ ಸೀಡಿಕ್ ಬುಡಕಟ್ಟಿನವ್ರು ದಂಗೆ ಎದ್ದಾಗ ವಿಮಾನದಿಂದ ಬಾಂಬ್ ಹಾಕಿದ್ರು. ಅಲ್ಲಿನ ಮೂಲನಿವಾಸಿಗಳನ್ನ ಕೇಳಿದ್ರೆ ಉತ್ತರ ಬೇರೇನೇ ಇರ್ಬಹುದು.