ಜೈಲಿನ ವೆಲ್ಡಿಂಗ್ ಸರ್ಟಿಫಿಕೇಟಿಗೆ ಕೆಲಸ ಯಾಕೆ ಸಿಗುತ್ತಿಲ್ಲ?

ಪ್ರಶ್ನೆ: ತಮ್ಮ ಜೈಲಿನಲ್ಲಿದ್ದಾಗ ಮೂರು ತಿಂಗಳು ವೆಲ್ಡಿಂಗ್ ಕಲಿತು ಸರ್ಟಿಫಿಕೇಟ್ ತಂದಿದ್ದಾನೆ. ಎಂಟನೇ ಕ್ಲಾಸ್ ಪಾಸ್. ಹೋದಲ್ಲೆಲ್ಲ ಬೇಡ ಅಂತಾರೆ. ಕೇಸಿನ ಕಾರಣಕ್ಕೇನಾ?

ಉತ್ತರ: ಪ್ರತಿ ಸಲವೂ ಇದೇ ಪ್ರಶ್ನೆ, ಎಲ್ಲರೂ ಕೇಸಿನ ಮೇಲೇ ಹೊರಿಸುತ್ತಾರೆ. ಕೇಸು ಅಡ್ಡ ಬರುವುದುಂಟು, ನಿಜ. ಆದರೆ ಕೆಲಸಕ್ಕೆ ತೆಗೆದುಕೊಳ್ಳುವ ಮೊದಲು ಮಾಡಿಸುವ ವೆಲ್ಡಿಂಗ್ ಟ್ರಯಲ್‌ನಲ್ಲಿ ಏನಾಯಿತು ಅಂತ ತಮ್ಮನನ್ನು ಕೇಳಿದಿರಾ? ಫ್ಯಾಬ್ರಿಕೇಶನ್ ಶಾಪಿನವರು 10 ಎಂಎಂ ದಪ್ಪದ ಎರಡು ಪ್ಲೇಟಿನ ಅಂಚಿಗೆ 30 ಡಿಗ್ರಿ ಬೆವೆಲ್ (ಓರೆ ಕೊರೆತ) ಹಾಕಿಸಿ, ನಡುವೆ 2–3 ಎಂಎಂ ಗ್ಯಾಪ್ ಬಿಟ್ಟು, ನೆಟ್ಟಗೆ ನಿಲ್ಲಿಸಿ ಕೆಳಗಿನಿಂದ ಮೇಲಕ್ಕೆ ವೆಲ್ಡ್ ಹೊಡೆಯಲು ಹೇಳುತ್ತಾರೆ. ಟೇಬಲ್ ಮೇಲೆ ಮಲಗಿಸಿದ ಪ್ಲೇಟಿಗಷ್ಟೇ ಬೀಡ್ (ವೆಲ್ಡ್ ಗೆರೆ) ಎಳೆದು ಅಭ್ಯಾಸವಿದ್ದವನು ಅದೇ 3.15 ಎಂಎಂ ರಾಡ್, ಅದೇ 120 ಆಂಪಿಯರ್ ಇಟ್ಟು ಶುರು ಮಾಡುತ್ತಾನೆ. ಕರಗಿದ ಲೋಹ ಜೋತು ಬೀಳುತ್ತದೆ, ಅಂಚು ಕೊರೆದುಹೋಗುತ್ತದೆ. ರೂಟಿಗೆ, ಅಂದರೆ ತಳದ ಮೊದಲ ಪದರಕ್ಕೆ, 2.5 ರಾಡ್, 70–80 ಆಂಪಿಯರ್. ಮೇಲಿನ ಪದರಕ್ಕೆ 3.15, ನೂರರ ಆಸುಪಾಸು. ಪ್ರತಿ ಪದರದ ಮೇಲೆ ಗಟ್ಟಿಯಾಗಿ ಕೂರುವ ಕಿಟ್ಟವನ್ನೂ (ಸ್ಲ್ಯಾಗ್) ಚಿಪ್ಪಿಂಗ್ ಸುತ್ತಿಗೆಯಲ್ಲಿ ಕುಟ್ಟಿ, ತಂತಿ ಬ್ರಷ್‌ನಿಂದ ಉಜ್ಜಿ ತೆಗೆಯದಿದ್ದರೆ ಅದು ಒಳಗೇ ಸಿಕ್ಕಿಕೊಂಡು, ಬಗ್ಗಿಸಿ ನೋಡುವಾಗ ಜೋಡಣೆ ಬಿರುಕು ಬಿಡುತ್ತದೆ. ಇದು ಕೈಗೆ ಕೂರಲು ತಿಂಗಳುಗಟ್ಟಲೆ ರಾಡ್ ಸುಡಬೇಕು.

ಹಾಗಾಗಿ ಸರ್ಕಾರಿ ಐಟಿಐಗೆ ಸೇರಿಸಿ. ವೆಲ್ಡರ್ ಟ್ರೇಡ್ (ಕೋರ್ಸ್) ಒಂದು ವರ್ಷ, ಎಂಟನೇ ಕ್ಲಾಸ್ ಸಾಕು. ಕೊನೆಗೆ ಸಿಗುವ ರಾಷ್ಟ್ರೀಯ ಟ್ರೇಡ್ ಪ್ರಮಾಣಪತ್ರಕ್ಕೆ ಬೆಲೆಯಿದೆ. ಪರೀಕ್ಷೆಗೆ ಕೂರಲು ಶೇ 80 ಹಾಜರಾತಿ ಬೇಕು. ಕೋರ್ಟ್ ವಾಯಿದೆ ಇನ್ನೂ ಇದ್ದರೆ ಪ್ರಿನ್ಸಿಪಾಲರಿಗೆ ಮೊದಲೇ ಬರೆದು ಕೊಡಿ.

ಬಹಳ ಜನ ಎಡವುವುದು ಹೆಸರಿನಲ್ಲಿ. ಮಾರ್ಕ್ಸ್‌ಕಾರ್ಡಿನಲ್ಲಿ ಇನಿಷಿಯಲ್ ಮುಂದೆ, ಆಧಾರ್‌ನಲ್ಲಿ ಹಿಂದೆ, ಜೈಲಿನ ದಾಖಲೆಯಲ್ಲಿ 'ಅಲಿಯಾಸ್'. ಅರ್ಜಿ ಹಾಕುವ ಮೊದಲೇ ಸರಿಮಾಡಿಸಿ. ಆಧಾರ್‌ಗೆ ಜೋಡಿಸಿದ ಹಳೆಯ ಸಿಮ್ ಸತ್ತಿದ್ದರೆ ಓಟಿಪಿ ಬಾರದು. ಆಧಾರ್ ಕೇಂದ್ರಕ್ಕೆ ಅವನೇ ಹೋಗಿ ಬೆರಳಚ್ಚು ಕೊಟ್ಟರೆ ನಂಬರ್ ಬದಲಾಗುತ್ತದೆ, ಬೇರೆ ದಾಖಲೆ ಬೇಡ.

ಪ್ರಶ್ನೆ: ದುಡ್ಡು ಕೊಟ್ಟರೆ ಏಜೆಂಟ್ ಒಬ್ಬರು ಕ್ರಿಮಿನಲ್ ರೆಕಾರ್ಡ್ ಅಳಿಸಿಕೊಡುತ್ತಾರಂತೆ?

ಉತ್ತರ: ಮೋಸ. ಒಂದು ರೂಪಾಯಿಯೂ ಕೊಡಬೇಡಿ. ನ್ಯಾಯಾಲಯ 1958ರ ಪ್ರೊಬೇಷನ್ ಕಾಯ್ದೆಯ 3 ಅಥವಾ 4ನೇ ಸೆಕ್ಷನ್ ಅಡಿ, ಅಂದರೆ ಎಚ್ಚರಿಕೆ ಕೊಟ್ಟೋ ಸನ್ನಡತೆಯ ಮೇಲೋ, ಬಿಟ್ಟಿದ್ದರೆ, ಶಿಕ್ಷೆಗೆ ಅಂಟುವ ಅನರ್ಹತೆ 12ನೇ ಸೆಕ್ಷನ್ ಪ್ರಕಾರ ತಟ್ಟುವುದಿಲ್ಲ. ತೀರ್ಪಿನ ಪ್ರತಿ ಹಿಡಿದು ವಕೀಲರ ಹತ್ತಿರ ಹೋಗಿ, ಏಜೆಂಟರ ಹತ್ತಿರ ಅಲ್ಲ.

ಪ್ರಶ್ನೆ: ವಿಚಾರಣಾಧೀನ ಕೈದಿ ಜೈಲಿನ ತರಬೇತಿಗೆ ಸೇರಬಹುದೇ?

ಉತ್ತರ: ಇಷ್ಟವಿದ್ದರೆ ಸೇರಬಹುದು. ಜಾಮೀನು ಯಾವಾಗ ಸಿಗುತ್ತದೋ ಗೊತ್ತಿಲ್ಲ, ಎರಡು ವರ್ಷದ ಟ್ರೇಡ್ ಹಿಡಿಯಬೇಡಿ.

ಪ್ರಶ್ನೆ: ಕಲಿತ ಮೇಲೆ ಗಲ್ಫ್‌ಗೆ?

ಉತ್ತರ: ನೈತಿಕ ಅಧಃಪತನದ (ಕಳ್ಳತನ, ವಂಚನೆಯಂಥ) ಅಪರಾಧಕ್ಕೆ ಎರಡು ವರ್ಷ ಅಥವಾ ಹೆಚ್ಚು ಶಿಕ್ಷೆಯಾಗಿದ್ದರೆ, ಆ ತೀರ್ಪಿನಿಂದ ಐದು ವರ್ಷ ಪಾಸ್‌ಪೋರ್ಟ್ ನಿರಾಕರಿಸುತ್ತಾರೆ. ಮುಚ್ಚಿಟ್ಟು ಅರ್ಜಿ ಹಾಕಿದರೆ ಇನ್ನೊಂದು ಕೇಸಾಗುತ್ತದೆ.