ಸಿಟಿ ಸ್ಕ್ಯಾನಿನಲ್ಲಿ ಎಲ್1 ಮೂಳೆಯ (ಸೊಂಟದ ಭಾಗದ ಮೊದಲ ಬೆನ್ನುಮೂಳೆ) ಸಾಂದ್ರತೆ ಅಳೆದಾಗ 128 ಬಂತು. ಅಪ್ಪನ ಬೆನ್ನುಮೂಳೆ ಮುರಿಯುವ ಅಪಾಯ ಇದೆಯೇ?

ನಾನೂ ಹೀಗೇ ಅಳೆದವನು. ಅಮ್ಮನಿಗೆ ಬೇರೆ ಯಾವುದಕ್ಕೋ ಹೊಟ್ಟೆಯ ಸಿಟಿ ಮಾಡಿಸಿದ್ದೆವು. ಸಿಡಿ ಕೈಯಲ್ಲಿತ್ತು, ಸ್ಕ್ಯಾನ್ ನೋಡುವ 3ಡಿ ಸ್ಲೈಸರ್ ಸಾಫ್ಟ್‌ವೇರ್ ಹೇಗೂ ಉಚಿತ. ಎಲ್1 ಮೂಳೆಯ ಒಳಗೆ ಒಂದು ವೃತ್ತ ಎಳೆದೆ. ಹೌನ್ಸ್‌ಫೀಲ್ಡ್ (ಸಿಟಿಯಲ್ಲಿ ಸಾಂದ್ರತೆ ಅಳೆಯುವ ಮಾನ) ಸರಾಸರಿ 160 ದಾಟಿತ್ತು. 110ಕ್ಕಿಂತ ಕಡಿಮೆಯಿದ್ದರೆ ಆಸ್ಟಿಯೋಪೊರೋಸಿಸ್ (ಮೂಳೆ ಸವೆದು ಟೊಳ್ಳಾಗುವ ರೋಗ) ಇರುವ ಸಾಧ್ಯತೆ ಜಾಸ್ತಿ, 160 ದಾಟಿದರೆ ಕಡಿಮೆ ಅಂತ 2013ರ ಅಧ್ಯಯನವೊಂದರಲ್ಲಿ ಓದಿದ್ದೆ. ಅಮ್ಮನ ಬೆನ್ನುನೋವು ವಯಸ್ಸಿನದ್ದು ಅಂದುಕೊಂಡು ಸುಮ್ಮನಾದೆವು.

ಆಮೇಲೊಂದು ದಿನ ಬಕೆಟ್ ಎತ್ತುವಾಗ ಅಮ್ಮನ ಎಲ್1 ಪಕ್ಕದ ಬೆನ್ನುಮೂಳೆ ಕುಸಿಯಿತು.

ರೇಡಿಯಾಲಜಿಸ್ಟ್ ಅದೇ ಹಳೇ ಸಿಡಿ ಹಾಕಿ, ಚಿತ್ರವನ್ನು ಪಕ್ಕದ ನೋಟಕ್ಕೆ ತಿರುಗಿಸಿದರು. ಪೆನ್ನಿನ ತುದಿಯಿಂದ ಎಲ್1 ತೋರಿಸಿ, "ಇದು ಆಗಲೇ ಕುಸಿದಿತ್ತಲ್ಲ" ಅಂದರು. ಮುಂದಿನ ಅಂಚು ಗಿಡ್ಡ, ಹಿಂದಿನದು ಎತ್ತರ. ನಾನು ನೋಡಿದ್ದು ಬರೀ ಅಡ್ಡಸೀಳು. ಅಲ್ಲಿ ಕುಸಿದ ಮೂಳೆಯೂ ದುಂಡಗೆ, ಚೆನ್ನಾಗಿಯೇ ಕಾಣುತ್ತದೆ. ಅದಕ್ಕಿಂತ ಮೋಸ ಅಂಕಿಯದ್ದು. ಕುಸಿದ ಮೂಳೆ ಒತ್ತಿ ಕಟ್ಟಿದ ಹತ್ತಿಮೂಟೆಯ ಹಾಗೆ: ಇರುವ ಸುಣ್ಣ ಅಷ್ಟೇ, ಜಾಗ ಕಮ್ಮಿ. ಸಾಫ್ಟ್‌ವೇರ್ ಅದನ್ನೇ ಗಟ್ಟಿ ಮೂಳೆ ಅಂತ ಓದಿತು. ಅಂದರೆ ಮುರಿದಿದ್ದಕ್ಕೇ ಅಂಕಿ ಜಾಸ್ತಿ ಬಂದಿತ್ತು! ಮೂಳೆಯ ಸಾಂದ್ರತೆ ಅಳೆಯಲೆಂದೇ ಮಾಡುವ ಡೆಕ್ಸಾ ಸ್ಕ್ಯಾನಿನಲ್ಲೂ ಇದೇ ಕಥೆ. ಕುಸಿದ ಮೂಳೆ ಲೆಕ್ಕದಲ್ಲಿ ಸೇರಿದರೆ ಅದು ಕೊಡುವ ಅಂಕ, ಅಂದರೆ ಟಿ-ಸ್ಕೋರ್, ಸುಳ್ಳೇ ಚೆನ್ನಾಗಿ ಬರುತ್ತದೆ.

ಹಾಗಾಗಿ 128 ಸಾಕೋ ಸಾಲದೋ ಅನ್ನುವ ಪ್ರಶ್ನೆಯನ್ನೇ ಬಿಡಿ. ಅದು ಹೇಗೂ ನಡುವಿನ ಅಂಕಿ. ಡೈ ಹಾಕಿ ತೆಗೆದ ಸಿಟಿಯಾಗಿದ್ದರೆ ಡೈ ಅಂಕಿಯನ್ನು ಏರಿಸಿರುತ್ತದೆ, ಅಸಲು ಅಂಕಿ ಇನ್ನೂ ಕಡಿಮೆ. ಮೊದಲು ತಿಳಿಯಬೇಕಾದದ್ದು, ಯಾವುದಾದರೂ ಮೂಳೆ ಈಗಾಗಲೇ ಕುಸಿದಿದೆಯಾ ಅಂತ. ಬೆನ್ನುಮೂಳೆಯ ಮುರಿತಗಳಲ್ಲಿ ಹೆಚ್ಚಿನವು ಯಾರ ಗಮನಕ್ಕೂ ಬರುವುದಿಲ್ಲ. ಹೊಸದಾಗಿ ಒಂದು ಕುಸಿದ ಹೆಂಗಸರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ವರ್ಷದೊಳಗೆ ಇನ್ನೊಂದು ಕುಸಿಯುತ್ತದೆ. ಇದಕ್ಕಿಂತ ದೊಡ್ಡ ಮುನ್ಸೂಚನೆ ನಿಮ್ಮ ವೃತ್ತದಿಂದ ಸಿಗುವುದಿಲ್ಲ.

ನೀವೇ ಪಕ್ಕದ ನೋಟ ತೆರೆದು ನೋಡಬಹುದು. ಎತ್ತರ ಶೇ. 20ರಿಂದ 25 ಇಳಿದಿದ್ದರೆ ಸಣ್ಣ ಕುಸಿತ, 40ರವರೆಗೆ ಮಧ್ಯಮ, ಅದಕ್ಕೂ ಮೇಲೆ ತೀವ್ರ. ಆದರೆ ತೀರ್ಪು ನೀವು ಕೊಡಬೇಡಿ. ಹುಟ್ಟಿನಿಂದಲೇ ಸ್ವಲ್ಪ ಗಿಡ್ಡ ಇರುವ ಮೂಳೆಯೂ ಹಾಗೇ ಕಾಣಬಹುದು. ಸಿಡಿಯನ್ನು ರೇಡಿಯಾಲಜಿಸ್ಟ್‌ಗೆ ಕೊಟ್ಟು, ಪ್ರತಿ ಮೂಳೆಯ ಎತ್ತರ ನೋಡಿ ರಿಪೋರ್ಟಿನಲ್ಲಿ ಬರೆಯಿರಿ ಅಂತ ಬಾಯಿಬಿಟ್ಟು ಕೇಳಿ. ಹೊಟ್ಟೆಗೆಂದು ತೆಗೆದ ಸಿಟಿಯಲ್ಲಿ ಬೆನ್ನಿನ ಸುದ್ದಿ ಬಿಟ್ಟುಹೋಗುವುದೇ ಜಾಸ್ತಿ.